ಹೆಸರಿನ ಹಿಂದಣ ಹೆಸರು

ಸಂಸ್ಕೃತ ಕಾವ್ಯಗಳಲ್ಲಿ ದುಂಬಿಗೆ ‘ದ್ವಿರೇಫ’ವೆಂಬ ಹೆಸರುಂಟು. ದ್ವಿರೇಫವೆಂದರೆ ಎರಡು ರೇಫಗಳುಳ್ಳದ್ದು. ಹೂವಿನ ಮೇಲೆ ಕುಳಿತ ದುಂಬಿಯಲ್ಲಿ ರೇಫವೆಲ್ಲಿಂದ ಬಂದೀತು? ಅದಿರುವದು ‘ಭ್ರಮರ’ ಎಂಬ ಶಬ್ದದಲ್ಲಿ. ದ್ವಿರೇಫ ಪದವು ಮೊದಲು ಭ್ರಮರವೆಂಬ ಪದವನ್ನು ತೋರಿಸುವದು. ಆ ಪದವು ಕೀಟವನ್ನು ತೋರಿಸುವದು. ಹೀಗೆ ಒಂದು ಹೆಸರಿನ ಮೂಲಕ ಇನ್ನೊಂದು ಹೆಸರನ್ನು ಹಿಡಿದು ವಸ್ತುವನ್ನು ಮುಟ್ಟುವ ಕ್ರಮವನ್ನು ಶಾಸ್ತ್ರಜ್ಞರು ಲಕ್ಷಿತಲಕ್ಷಣೆಯೆಂದು ಕರೆದರು.

ಗಣಕಯಂತ್ರಕ್ಕೆ ಸಾಲುಸಾಲಾಗಿ ಆಜ್ಞೆ ಕೊಡುವ ‘ಶೆಲ್’ ಎಂಬ ಭಾಷೆಯಲ್ಲಿಯೂ ಈ ಕ್ರಮವಿರುವದೆಂದರೆ ವಾಚಕರಿಗೆ ಕೌತುಕವೆನಿಸಬಹುದು. ಸ್ಟೀಫನ್ ಬೋರ್ನ್ ಎಂಬವರ ಶೆಲ್ 1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಯೊಡನೆ ಪ್ರಕಟವಾಯಿತು. ಬ್ರಯಾನ್ ಫಾಕ್ಸ್ ಅವರು ಬರೆದ ‘ಬ್ಯಾಶ್’ 1989ರಲ್ಲಿ ಬಂದಿತು. ಇವುಗಳಲ್ಲಿ ಬೆಲೆಯನ್ನಿಟ್ಟುಕೊಳ್ಳುವ ಹೆಸರಿಗೆ ‘ಚರ’ವೆನ್ನುವರು. ಬರಿಯ ಹೆಸರನ್ನು ಬರೆದರೆ ಶೆಲ್ಲು ಅದನ್ನು ಅಕ್ಷರಗಳೆಂದೇ ತಿಳಿಯುವದು. ಅದರ ಮೊದಲು ಡಾಲರ್ ಚಿಹ್ನೆಯಿಟ್ಟರೆ ಮಾತ್ರ ಅದರೊಳಗಿನ ಬೆಲೆಯನ್ನು ಕೊಡುವದು. ಪಾಣಿನಿಯದೂ ಇದೇ ಮರ್ಯಾದೆ. ಶಾಸ್ತ್ರಸಂಜ್ಞೆಯನ್ನುಳಿದು ಬೇರೆ ಶಬ್ದವು ವ್ಯಾಕರಣದಲ್ಲಿ ತನ್ನ ರೂಪವನ್ನೇ ಹೇಳುವದೆಂದು ಆತನ ವಿಧಿ. ಅಗ್ನಿಗೆ ಪ್ರತ್ಯಯ ಹಚ್ಚೆಂದರೆ ಒಲೆಯ ಕೆಂಡಕ್ಕೆ ಯಾರೂ ಹಚ್ಚುವದಿಲ್ಲವಷ್ಟೆ!

ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರು ಆಂಜನೇಯಸನ್ನಿಧಿಗಳನ್ನು ಒಂದೇ ದಿನದಲ್ಲಿ ಕಾಣುವದು ಪುಣ್ಯಪ್ರದವೆಂದು ಈ ಸೀಮೆಯ ಜನರ ನಂಬಿಕೆ. ಇದನ್ನೇ ದೃಷ್ಟಾಂತವಾಗಿ ಕೊಳ್ಳೋಣ. ‘ದೇವರು’ ಎಂಬ ಚರದಲ್ಲಿ ‘ಕಾಂತೇಶ’ ಎಂದು ಬರೆದಿದೆ. ‘ಕಾಂತೇಶ’ ಎಂಬ ಇನ್ನೊಂದು ಚರದಲ್ಲಿ ‘ಕದರಮಂಡಲಗಿ’ ಎಂದಿದೆ. ಡಾಲರ್ ಚಿಹ್ನೆಯಿಂದ ‘ದೇವರು’ ಎಂಬುದನ್ನು ಕೇಳಿದರೆ ‘ಕಾಂತೇಶ’ ಎಂಬಲ್ಲಿಗೆ ಉತ್ತರ ನಿಲ್ಲುವದು. 1996ರ ಎರಡನೆಯ ಆವೃತ್ತಿಯಿಂದ ಬ್ಯಾಶ್‌ನಲ್ಲಿ ಪುಷ್ಪಾವರಣದೊಳಗೆ ಹೆಸರಿನ ಮೊದಲು ಆಶ್ಚರ್ಯಸೂಚಕ ಚಿಹ್ನೆಯನ್ನಿಟ್ಟು ಕೇಳುವ ಅನುಕೂಲವಾಯಿತು. ಹಾಗೆ ಕೇಳಿದರೆ ಇನ್ನೊಂದು ಹೆಜ್ಜೆ ನಡೆದು ‘ಕದರಮಂಡಲಗಿ’ ಎಂದು ಬರುವದು. ‘ದೇವರು’ ಎಂಬಲ್ಲಿ ಶಾಂತೇಶನೆಂದು ಬರೆದರೆ ಅದೇ ಆಜ್ಞೆಯು ಸಾತೇನಹಳ್ಳಿಯನ್ನು ಕೊಡುವದು. ಆಜ್ಞೆಯನ್ನು ತಿದ್ದದೆ ಫಲವನ್ನು ಬದಲಿಸುವ ಸೌಕರ್ಯವಿದು.

ಧರ್ಮಪ್ರಶ್ನೆ ಹುಟ್ಟುವದು ಇಲ್ಲಿಯೇ. ಹೆಸರಿನ ಮೂಲಕ ಆಜ್ಞೆ ಕೊಟ್ಟವನು ಆ ಹೆಸರಿನ ಕೊನೆಯಲ್ಲಿ ನಿಂತದ್ದಕ್ಕೆ ಎಷ್ಟರ ಮಟ್ಟಿಗೆ ಹೊಣೆ? ಭಾಗವತದ ಅಜಾಮಿಳನು ಮರಣಕಾಲದಲ್ಲಿ ನಾರಾಯಣನೆಂಬ ಮಗನನ್ನು ಕೂಗಿದನು. ಕೂಗಿದವನ ಮನಸ್ಸು ಮಗನಲ್ಲಿತ್ತು. ಕೂಗು ಮಗನನ್ನು ದಾಟಿ ಹೋಯಿತು, ವಿಷ್ಣುದೂತರು ಬಂದರು. ಅಲ್ಲಿ ಹೆಸರು ಕರೆದವನ ಉದ್ದೇಶವನ್ನು ಮೀರಿದ್ದು ಅವನ ಭಾಗ್ಯ. ಎಲ್ಲ ಹೆಸರುಗಳ ಕೊನೆಯಲ್ಲಿಯೂ ಅಂಥ ಕರುಣೆ ಕಾದಿರುವದಿಲ್ಲ.

ಬೋರ್ನ್ ಶೆಲ್ಲಿನ ಕಾಲದಿಂದ ‘ಇವ್ಯಾಲ್’ ಎಂಬ ಆಜ್ಞೆಯೊಂದು ನಡೆದು ಬಂದಿದೆ. ಅದು ತನಗೆ ಕೊಟ್ಟ ಪಾಠವನ್ನು ಹೊಸ ಆಜ್ಞೆಯೆಂದು ಮತ್ತೊಮ್ಮೆ ಓದಿ ನಡೆಸುವದು. ಹೆಸರಿನ ಹಿಂದಣ ಹೆಸರನ್ನು ಹಿಡಿಯಲು ಅನೇಕರು ಇದನ್ನೇ ಬಳಸಿದರು. ಯಾತ್ರಿಕನಿಂದ ದೇವರ ಹೆಸರನ್ನು ಬರೆಯಿಸಿಕೊಂಡು ಇವ್ಯಾಲಿಗೆ ಕೊಡುವ ಲಿಪಿಯೊಂದಿದೆಯೆನ್ನೋಣ. ಒಬ್ಬ ದುಷ್ಟನು ‘ಕಾಂತೇಶ’ ಎಂದು ಬರೆದು, ಅರ್ಧವಿರಾಮವನ್ನಿಟ್ಟು, ಕಡತಗಳನ್ನೆಲ್ಲ ಅಳಿಸೆಂಬ ಆಜ್ಞೆಯನ್ನೂ ಸೇರಿಸಿದರೆ ಎರಡೂ ನಡೆದುಹೋಗುವವು.

ಬರೆದವನೇ ಪಾಪಿ, ಲಿಪಿಕಾರನಿಗೇನು ದೋಷವೆಂದು ಪೂರ್ವಪಕ್ಷ. ಬರೆದವನು ಪಾಪಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಂದವರ ಮಾತನ್ನು ಅಪ್ಪಣೆಯ ಪೀಠದಲ್ಲಿ ಕುಳ್ಳಿರಿಸಿದವನು ಯಾರು? ಖಾಲಿ ಕಾಗದಕ್ಕೆ ಹೆಬ್ಬೆಟ್ಟೊತ್ತಿ ತನ್ನ ಹೊಲವನ್ನು ಕಳಕೊಂಡ ಬಡವನ ವಿಷಯದಲ್ಲಿ ಮರುಕವೇ ಯೋಗ್ಯ. ಊರ ದಫ್ತರವನ್ನು ವಶದಲ್ಲಿಟ್ಟುಕೊಂಡವನು ಹಾಗೆ ಖಾಲಿ ಕಾಗದಕ್ಕೆ ಸಹಿ ಹಾಕಿದರೆ ನಷ್ಟವಾಗುವದು ಅವನಿಗಲ್ಲ, ಊರವರಿಗೆ. ಲಿಪಿಕಾರನು ಈ ಎರಡನೆಯವನ ಸ್ಥಾನದಲ್ಲಿರುವನು. ಅವನಿಗೆ ‘ಅರಿಯೆ’ ಎಂಬ ಸಮಾಧಾನ ಸಲ್ಲದು.

2014ರ ಸೆಪ್ಟೆಂಬರದಲ್ಲಿ ‘ಶೆಲ್‌ಶಾಕ್’ ಎಂಬ ದೋಷವು ಬಯಲಾಯಿತು. ಸ್ಟೆಫಾನ್ ಶಜೆಲಾಸ್ ಎಂಬವರು ಅದನ್ನು ಕಂಡುಹಿಡಿದರು. ಪರಿಸರಚರದ ಬೆಲೆಯು ಕಾರ್ಯವೊಂದರ ನಿರೂಪಣೆಯಂತೆ ಕಂಡರೆ, ಅದರ ಹಿಂದೆ ಅಂಟಿಸಿದ ಆಜ್ಞೆಗಳನ್ನೂ ಬ್ಯಾಶ್ ನಡೆಸುತ್ತಿತ್ತು. ಇದು ಪರೋಕ್ಷನಿರ್ದೇಶವಲ್ಲವಾದರೂ ಬೆಲೆಯನ್ನು ಅಪ್ಪಣೆಯೆಂದು ತಿಳಿಯುವ ಅದೇ ಕುಲದ ದೋಷ. ಸುಮಾರು 25 ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದಿತು.

ಹಾಗಾದರೆ ಪರೋಕ್ಷನಿರ್ದೇಶವನ್ನೇ ಬಿಡತಕ್ಕದ್ದೋ? ಅದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಆಶ್ಚರ್ಯಸೂಚಕದ ಮಾರ್ಗವು ಇವ್ಯಾಲಿಗಿಂತ ಸೌಮ್ಯವಾದರೂ ಅದೂ ನಿರಪಾಯವಲ್ಲ: ಹೆಸರಿನ ಜೊತೆಗೆ ಚೌಕಾವರಣದಲ್ಲಿ ಆಜ್ಞೆಯನ್ನಡಗಿಸಿದರೆ ಅದು ನಡೆಯಬಹುದು. ಆದಕಾರಣ ಬಂದ ಹೆಸರಿನಲ್ಲಿ ಅಕ್ಷರ, ಅಂಕಿ, ಅಡಿಗೆರೆಗಳ ಹೊರತು ಬೇರೇನೂ ಇಲ್ಲವೆಂದು ಮೊದಲು ನೋಡತಕ್ಕದ್ದು. ಕ್ಷೇತ್ರಗಳ ಪಟ್ಟಿಯಂಥದಕ್ಕೆ 2009ರ ನಾಲ್ಕನೆಯ ಆವೃತ್ತಿಯಲ್ಲಿ ಬಂದ ಹೆಸರು-ಬೆಲೆಗಳ ಕೋಷ್ಟಕವೇ ಲೇಸು. ಅಲ್ಲಿ ಪಟ್ಟಿಯಲ್ಲಿಲ್ಲದ ದೇವರನ್ನು ಕೇಳಿದರೆ ಬರಿದು ಉತ್ತರ ಬರುವದು, ಅನರ್ಥವಾಗದು. ಕರೆದವನ ಚರದಲ್ಲಿಯೇ ಫಲವನ್ನು ಬರೆಯಬೇಕಾದಲ್ಲಿ 2014ರ 4.3ನೆಯ ಆವೃತ್ತಿಯ ‘ನೇಮ್‌ರೆಫ್’ ಒದಗುವದು. ತನ್ನ ಹೆಸರನ್ನೇ ತನಗೆ ಆಶ್ರಯವಾಗಿ ಕೊಟ್ಟುಕೊಂಡ ನೇಮ್‌ರೆಫನ್ನು ಬ್ಯಾಶ್ ಆಕ್ಷೇಪಿಸುವದು. ನೈಯಾಯಿಕರು ಅದಕ್ಕೆ ಆತ್ಮಾಶ್ರಯವೆಂದು ಹೆಸರಿಟ್ಟು ಬಹುಕಾಲವಾಯಿತು.