ತಪ್ಪು ಯಾರದು?

ಬ್ರಿಟನ್ನಿನ ದುಬಾರಿ ವಾಹನ ರೇಂಜ್ ರೋವರ್‌ನಲ್ಲಿ 1992ರಲ್ಲಿ ಉಕ್ಕಿನ ಸ್ಪ್ರಿಂಗಿಗೆ ಬದಲಾಗಿ ಗಾಳಿ ತುಂಬಿದ ರಬ್ಬರ್ ಚೀಲಗಳು ಬಳಕೆಗೆ ಬಂದವು. ವಾಹನ ಹಳತಾದಂತೆ ರಬ್ಬರ್ ಬಿರಿದು ಗಾಳಿ ಸೋರುತ್ತದೆ. ರಾತ್ರಿ ನೆಟ್ಟಗೆ ನಿಂತದ್ದು ಬೆಳಗ್ಗೆ ಕುಸಿದಿರುತ್ತದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಕೊನೆಗೆ ಸುಟ್ಟುಹೋಗುತ್ತದೆ. ಮನೆಯಲ್ಲೇ ರಿಪೇರಿಗಿಳಿದ ಮಾಲಿಕ ಕಂಪ್ರೆಸರನ್ನು ಶಪಿಸಿ ಹೊಸದನ್ನು ಜೋಡಿಸಿದರೆ ಅದಕ್ಕೂ ಅದೇ ಗತಿ. ಚೀಲಕ್ಕೆ ಸಾಬೂನು ನೀರು ಹಚ್ಚಿದ್ದರೆ ಸೋರುವಲ್ಲಿ ಗುಳ್ಳೆ ಏಳುತ್ತಿತ್ತು.

ಚಿಂತಿಸಿ ನೋಡಿ. ಮನೆಮಂದಿಯ ಕೊರತೆಗಳನ್ನೆಲ್ಲ ಮೌನವಾಗಿ ತುಂಬುತ್ತಾ ಬಂದ ತಾಯಿಯೋ ಅಣ್ಣನೋ ಒಂದು ದಿನ ಸೋತು ಕುಳಿತರೆ ನಾವು ಅವರನ್ನೇ ದೂರುತ್ತೇವೆ. ಸೋರಿಕೆ ಎಲ್ಲಿದೆಯೆಂದು ಹುಡುಕುವುದೇ ನ್ಯಾಯ. ಆ ಹುಡುಕಾಟವನ್ನು ಪ್ರತಿಯೊಬ್ಬರೂ ತನ್ನಿಂದಲೇ ಆರಂಭಿಸಲಿ.