ಪೀಠದ ಮೇಲೆ ಯಾರು?

ಹಾಲೆಂಡಿನ ಹೋರ್ನ್ ಎಂಬ ರೇವುಪಟ್ಟಣದ ಚೌಕದಲ್ಲಿ ಒಂದು ಕಂಚಿನ ಪ್ರತಿಮೆಯಿದೆ. ಅದು ಅದೇ ಊರಿನಲ್ಲಿ 1587ರಲ್ಲಿ ಹುಟ್ಟಿದ ಯಾನ್ ಪೀಟರ್‌ಝೂನ್ ಕೂನ್‌ನದು. ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಗವರ್ನರ್ ಜನರಲ್ ಆಗಿದ್ದ ಆತ 1619ರಲ್ಲಿ ಜಾವಾದ ಜಯಕರ್ತ ಪಟ್ಟಣವನ್ನು ನಾಶಗೊಳಿಸಿ ಅಲ್ಲಿಯೇ ಬಟಾವಿಯಾ ನಗರವನ್ನು ಎಬ್ಬಿಸಿದ. ಅದೇ ಇಂದಿನ ಜಕಾರ್ತ. ಈ ಕಾರಣಕ್ಕೆ ಅವನನ್ನು 'ಸ್ಥಾಪಕ' ಎಂದು ಕರೆದರು. ಮೊದಲೇ ಇದ್ದ ಊರನ್ನು ಅಳಿಸಿದವನು ಸ್ಥಾಪಕನಾಗುವುದು ಹೇಗೆಂದು ನೀವು ಕೇಳಬಹುದು. ಜಕಾರ್ತದ ಜನರಂತೂ ತಮ್ಮ ನಗರದ ಹುಟ್ಟನ್ನು 1619ರಿಂದಲ್ಲ, 1527ರಿಂದ ಎಣಿಸುತ್ತಾರೆ.

ಆದರೆ ಕೂನ್‌ನ ಲೆಕ್ಕ ಬಟಾವಿಯಾಕ್ಕೆ ಮುಗಿಯುವುದಿಲ್ಲ. ನಮ್ಮ ಬಿರಿಯಾನಿಗೆ ಹಾಕುವ ಜಾಯಿಕಾಯಿ ಮತ್ತು ಜಾಯಿಪತ್ರೆ ಆಗ ಜಗತ್ತಿನಲ್ಲಿ ಸಿಗುತ್ತಿದ್ದುದು ಬಾಂಡಾ ಎಂಬ ಪುಟ್ಟ ದ್ವೀಪಗಳಲ್ಲಿ ಮಾತ್ರ. ಅಲ್ಲಿನ ಮುಖಂಡರು ಮುಸ್ಲಿಮರು. ತಮ್ಮ ಬೆಳೆಯನ್ನು ಜಾವಾದವರಿಗೂ ಇಂಗ್ಲಿಷರಿಗೂ ಮಾರುತ್ತಿದ್ದರು. ಎಲ್ಲವೂ ತನಗೇ ಬೇಕೆಂದದ್ದು ಕಂಪೆನಿ. 1609ರಲ್ಲಿ ಬಾಂಡಾದವರು ಡಚ್ ನೌಕಾಧಿಪತಿ ವರ್ಹೂಫ್ ಮತ್ತು ಅವನ ಸಂಗಡಿಗರನ್ನು ಹೊಂಚುಹಾಕಿ ಕೊಂದಿದ್ದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಆ ನೌಕಾಪಡೆಯಲ್ಲಿದ್ದ ಯುವ ವ್ಯಾಪಾರಿ ಕೂನ್ ಅದನ್ನು ಮರೆಯಲಿಲ್ಲ.

1621ರಲ್ಲಿ ಅವನೇ ಪಡೆಯೊಂದಿಗೆ ಬಂದ. ಊರಿನ ಮಸೀದಿಯನ್ನು ಡಚ್ ಅಧಿಕಾರಿ ತನ್ನ ವಸತಿ ಮಾಡಿಕೊಂಡ. ಒಂದು ರಾತ್ರಿ ಅಲ್ಲಿ ದೀಪವೊಂದು ಕಳಚಿಬಿತ್ತು. ಅದನ್ನೇ ದಾಳಿಯ ಸಂಕೇತವೆಂದು ಬಗೆದರು. 40ಕ್ಕೂ ಹೆಚ್ಚು ಮುಖಂಡರನ್ನು ನಸ್ಸಾವ್ ಕೋಟೆಗೆ ತಂದು ಕೂಲಿ ಸೈನಿಕರ ಕೈಯಿಂದ ಕಡಿಸಿದರು. ಸುಮಾರು 15,000 ಜನರಿದ್ದರೆಂಬ ಅಂದಾಜಿದೆ. ಉಳಿದವರು ಸಾವಿರದ ಆಸುಪಾಸು. ಮಿಕ್ಕವರು ಕತ್ತಿಗೆ, ಹಸಿವಿಗೆ, ಗುಲಾಮಗಿರಿಗೆ, ದೇಶಾಂತರಕ್ಕೆ ತುತ್ತಾದರು. ಬರಿದಾದ ತೋಟಗಳಿಗೆ ಬೇರೆಡೆಯಿಂದ ಗುಲಾಮರನ್ನು ತಂದು ದುಡಿಸಿದರು.

'ಅದು ಆ ಕಾಲದ ಧರ್ಮ, ಇಂದಿನ ಅಳತೆಗೋಲಿನಿಂದ ಅಳೆಯಬೇಡಿ' ಎಂಬ ವಾದವನ್ನು ನೀವೂ ಕೇಳಿರಬಹುದು. ಆದರೆ ಆ ಶಿರಚ್ಛೇದವನ್ನು ಕಂಡು ಅಸಹ್ಯಪಟ್ಟು ಬರೆದಿಟ್ಟವನು ಆ ಕಾಲದ ಒಬ್ಬ ಡಚ್ಚನೇ. ಹಾಲೆಂಡಿನಲ್ಲಿದ್ದ ಕಂಪೆನಿಯ ಯಜಮಾನರೂ ಇಷ್ಟು ಕ್ರೌರ್ಯ ಬೇಕಿರಲಿಲ್ಲವೆಂದು ಆಕ್ಷೇಪಿಸಿದರು. ಲಾಭವನ್ನು ಮಾತ್ರ ಬಿಡಲಿಲ್ಲ. ಅನ್ಯಾಯ ಅನ್ಯಾಯವೆಂದು ತಿಳಿಯಲು ಮನುಷ್ಯ ನಾನೂರು ವರ್ಷ ಕಾಯಬೇಕಾಗಿರಲಿಲ್ಲ. ಅಲ್ಲಾಹನು ಅವನ ಮನಸ್ಸಿನಲ್ಲಿ ಒಳಿತು ಕೆಡುಕಿನ ಅರಿವನ್ನು ಮೊದಲೇ ಇಟ್ಟಿದ್ದಾನೆ.

ಪ್ರತಿಮೆಗಳನ್ನು ನಿಲ್ಲಿಸಿದ್ದು ಅವನ ಕಾಲದವರಲ್ಲ ಎಂಬುದನ್ನೂ ಗಮನಿಸಿ. ಬಟಾವಿಯಾದಲ್ಲಿ 1876ರಲ್ಲಿ, ಹೋರ್ನ್‌ನಲ್ಲಿ 1893ರಲ್ಲಿ, ಅವನು ಸತ್ತು ಎರಡೂವರೆ ಶತಮಾನ ಕಳೆದ ಮೇಲೆ ಅವು ಎದ್ದವು. ವಸಾಹತನ್ನು ಆಳುತ್ತಿದ್ದವರಿಗೆ ಒಬ್ಬ ಹಿರಿಯಪ್ಪ ಬೇಕಿದ್ದ. ಬಾಂಡಾದ ಸಂಗತಿ ಅವರಿಗೆ ಗೊತ್ತಿಲ್ಲದ್ದೇನಲ್ಲ.

ನೂಹ್(ಅ)ರ ಜನಾಂಗದ ವಿಷಯದಲ್ಲಿ ಹಝ್ರತ್ ಇಬ್ನು ಅಬ್ಬಾಸ್(ರ)ರಿಂದ ಬಂದ ವರದಿಯನ್ನು ನೀವು ಬಲ್ಲಿರಿ. ವದ್ದ್, ಸುವಾಅ್, ಯಗೂಸ್ ಮುಂತಾದವರು ಸಜ್ಜನರಾಗಿದ್ದರು. ಅವರು ತೀರಿಕೊಂಡಾಗ ಜನರು ನೆನಪಿಗೆಂದು ಶಿಲೆಗಳನ್ನು ನಿಲ್ಲಿಸಿದರು. ಜ್ಞಾನ ಅಳಿದ ಮೇಲೆ ಆ ಶಿಲೆಗಳೇ ಆರಾಧ್ಯವಾದವು. ಸಜ್ಜನರ ನೆನಪೇ ಹೀಗೆ ಕೆಟ್ಟರೆ, ದಬ್ಬಾಳಿಕೆಗಾರನ ನೆನಪು ಏನಾದೀತು? ಎತ್ತರದಲ್ಲಿ ನಿಂತವನು ಕಾಣುತ್ತಾನೆ, ಅವನ ಕಾಲಡಿಯವರು ಕಾಣುವುದಿಲ್ಲ.

ಬಟಾವಿಯಾದ ಪ್ರತಿಮೆಯನ್ನು 1943ರಲ್ಲಿ ಜಪಾನೀಯರ ಆಡಳಿತ ಕೆಡವಿತು. ಆ ಸ್ಥಳದ ಸಮೀಪದಲ್ಲೇ ಇಂದು ಸ್ವಾತಂತ್ರ್ಯದ ಹೆಸರು ಹೊತ್ತ ಇಸ್ತಿಕ್ಲಾಲ್ ಮಸೀದಿ ಇದೆ. ಹೋರ್ನ್‌ನ ಪ್ರತಿಮೆ 2011ರಲ್ಲಿ ಕ್ರೇನ್ ತಾಗಿ ಉರುಳಿಬಿತ್ತು. 2012ರಲ್ಲಿ ಅದನ್ನು ಮತ್ತೆ ಏರಿಸಿ, ಅವನ ಹಿಂಸೆಯ ಬಗೆಗಿನ ಟೀಕೆಯನ್ನು ಹೇಳುವ ಫಲಕವನ್ನು ಇಟ್ಟರು. ಇದನ್ನೋದಿ ಕೆಲವರು ಹಿಗ್ಗಬಹುದು. ಆದರೆ ಒಂದು ಜನತೆಯ ಮೇಲಿನ ದ್ವೇಷವು ನ್ಯಾಯವನ್ನು ಮೀರುವಂತೆ ಮಾಡಬಾರದೆಂದು ಸೂರಃ ಅಲ್ ಮಾಇದಃದಲ್ಲಿ ನಮಗೆ ಆಜ್ಞೆಯಿದೆ. 1609ರ ಕೊಲೆಯ ನೆನಪು ಹೊತ್ತು 1621ರಲ್ಲಿ ಕೂನ್ ಮೀರಿದ್ದು ಇದೇ ಗೆರೆಯನ್ನಲ್ಲವೇ? ನಾವೇನೋ ಪ್ರತಿಮೆ ನಿಲ್ಲಿಸುವುದಿಲ್ಲ. ಆದರೆ ನಮ್ಮ ಸುಲ್ತಾನರ ವೈಭವವನ್ನು ಮಕ್ಕಳಿಗೆ ಹೇಳುವಾಗ, ಅವರ ಕೈಯಲ್ಲಿ ನೊಂದವರ ಸುದ್ದಿಯನ್ನೂ ಹೇಳುತ್ತೇವೆಯೇ? ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ಮುನ್ನ, ಆ ಹಣ ಯಾರ ಬೆವರಿನದೆಂದು ವಿಚಾರಿಸುತ್ತೇವೆಯೇ?

ಅಂದು ದೋಣಿಗಳಲ್ಲಿ ತಪ್ಪಿಸಿಕೊಂಡ ಬಾಂಡಾದ ಕೆಲವರು ಕೈ ದ್ವೀಪಗಳನ್ನು ಸೇರಿದರು. ಬಾಂಡಾ ಎಲಿ, ಬಾಂಡಾ ಎಲಾತ್ ಎಂಬ ಅವರ ಹಳ್ಳಿಗಳು ಈಗಲೂ ಅಲ್ಲಿವೆ. ಬಾಂಡಾದಲ್ಲೇ ಕೇಳದಂತಾದ ಬಾಂಡಾ ಭಾಷೆಯನ್ನು ಆ ಹಳ್ಳಿಗಳ ಮನೆಗಳಲ್ಲಿ ಇನ್ನೂ ಆಡುತ್ತಾರೆ.