ನುಲಿಯ ಚಂದಯ್ಯನವರ ಹಗ್ಗವೂ ನಮ್ಮೂರ ಕಾಯಿಮಟ್ಟೆಯೂ



ಕಳೆದ ಶ್ರಾವಣಮಾಸದ ಒಂದು ಸೋಮವಾರ, ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯ ಕಡೆಯಿಂದ ವಯೋವೃದ್ಧರಾದ ಗೃಹಸ್ಥರೊಬ್ಬರು ಪಾಠಶಾಲೆಗೆ ದಯಮಾಡಿಸಿದ್ದರು. ಲಿಂಗಪೂಜೆ ಪ್ರಸಾದಗಳು ಮುಗಿದ ತರುವಾಯ ಜಗಲಿಯ ಮೇಲೆ ಕುಳಿತು, ಬಹಳ ಹೊತ್ತು ಮೌನವಾಗಿದ್ದು, ಕಡೆಗೆ ಹೀಗೆ ಕೇಳಿದರು: "ಮೇಷ್ಟ್ರೇ, ನಮ್ಮ ಹುಡುಗ ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದಾನೆ. ಊರಲ್ಲೇ ಕಾಯಿಮಟ್ಟೆಯಿಂದ ನಾರು ತೆಗೆದು ಹಗ್ಗ ಹೊಸೆಯುವ ಕಾರ್ಖಾನೆ ಹಾಕುತ್ತೇನೆಂದು ಹಟ ಹಿಡಿದಿದ್ದಾನೆ. ತೋಟದ ಪತ್ರ ಅಡವಿಡಿ ಅನ್ನುತ್ತಾನೆ. ಬೇಸಾಯವಾದರೆ ಕಾಯಕ, ಈ ವ್ಯಾಪಾರವೂ ಕಾಯಕವೇ? ಸಾಲ ಮಾಡಿ ಮಾಡುವುದು ಕಾಯಕವಾದೀತೆ?"

ಪ್ರಶ್ನೆಯು ಒಬ್ಬರದಲ್ಲ. ಅದರಲ್ಲಿ ಒಂದು ತೋಟವೂ, ಒಬ್ಬ ತರುಣನ ಮುಂದಿನ ಬಾಳೂ ತೂಗಾಡುತ್ತಿದ್ದುವು. ಆದುದರಿಂದ ಅವರಿಗೆ ಹೇಳಿದುದನ್ನೂ, ಅಂದು ಹೇಳಲು ನಾಚಿ ಉಳಿಸಿಕೊಂಡುದನ್ನೂ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಕಾಯದಿಂದ ಮಾಡುವುದು ಕಾಯಕವೆಂದು ಪದದ ಮೂಲಾರ್ಥ. ಆದರೆ ಕಾಯದಿಂದ ಮಾಡಿದುದೆಲ್ಲವೂ ಕಾಯಕವಾಗದು. ಪರರನ್ನು ವಂಚಿಸದೆ, ತನ್ನ ಬೆವರಿನಿಂದ ದುಡಿದು, ದುಡಿದುದನ್ನು ಗುರು ಲಿಂಗ ಜಂಗಮಕ್ಕೆ ಸಲ್ಲಿಸಿ ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದೇ ಕಾಯಕ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶರಣರ ಹೆಸರುಗಳನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿರಿ. ಮೇದಾರ ಕೇತಯ್ಯನವರು ಬುಟ್ಟಿ ಹೆಣೆದರು. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಗಾಣದ ಕಣ್ಣಪ್ಪನವರು ಎಣ್ಣೆ ತೆಗೆದರು. ಕದಿರ ರೆಮ್ಮವ್ವೆಯವರು ನೂಲು ತೆಗೆದರು. ಇವರಲ್ಲಿ ಬಹುಮಂದಿ ಒಬ್ಬ ಧಣಿಯ ಸಂಬಳದ ಆಳುಗಳಾಗಿರಲಿಲ್ಲ. ಸ್ವಂತ ಉಪಕರಣ, ಸ್ವಂತ ಕೈಚಳಕ, ತಾವೇ ಕಂಡುಕೊಂಡ ಗಿರಾಕಿ, ಇವುಗಳಿಂದ ಬದುಕಿದವರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇವರೆಲ್ಲರೂ ಸಣ್ಣ ಉದ್ದಿಮೆದಾರರೇ. ಹೀಗಿರಲು ವ್ಯಾಪಾರವು ಕಾಯಕವಲ್ಲವೆಂಬ ಶಂಕೆ ನಮ್ಮಲ್ಲಿ ಹೇಗೆ ಹುಟ್ಟಿತೋ ತಿಳಿಯದು.

ಹಗ್ಗದ ಮಾತು ಬಂದುದರಿಂದ ನುಲಿಯ ಚಂದಯ್ಯನವರನ್ನೇ ನೆನೆಯೋಣ. ಹೊಡಕೆಯ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸುವುದು ಅವರ ವ್ರತ. ಒಂದು ದಿನ ಹುಲ್ಲು ಕೊಯ್ಯುವಾಗ ಕರಸ್ಥಲದ ಲಿಂಗವು ನೀರಿಗೆ ಜಾರಿತು. ಚಂದಯ್ಯನವರು ಹೊರೆ ಹೊತ್ತು ನಡೆದೇ ಬಿಟ್ಟರು. ಲಿಂಗವೇ ಹಿಂದೆ ಬಂದು ತನ್ನನ್ನು ಸ್ವೀಕರಿಸೆಂದು ಬೇಡಿತಂತೆ. ಮಡಿವಾಳ ಮಾಚಯ್ಯನವರು ನಡುವೆ ಬಂದು, ಲಿಂಗಕ್ಕೂ ಕಾಯಕ ಬಿಡದೆಂದು ತೀರ್ಮಾನಿಸಿದ ಈ ಪ್ರಸಂಗವನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲರೂ ಬಲ್ಲರು. ಲಿಂಗವೇ ಹಗ್ಗ ಮಾರಲು ಹೊರಟ ಧರ್ಮದಲ್ಲಿ ಹುಟ್ಟಿ, ಮಗನು ಹಗ್ಗ ಮಾರುವೆನೆಂದರೆ ನಾಚುವುದು ಯಾತಕ್ಕೆ?

ಆದರೆ ಯಜಮಾನರ ಎರಡನೆಯ ಪ್ರಶ್ನೆ ಸುಲಭವಾದುದಲ್ಲ.

ಮೊದಲು ಸರಕನ್ನು ನೋಡೋಣ. ನಮ್ಮ ಸೀಮೆಯಲ್ಲಿ ಬಲಿತ ಕಾಯನ್ನು ಸಿಪ್ಪೆ ಸಹಿತವಾಗಿ ಅಟ್ಟಕ್ಕೇರಿಸಿ, ಎಂಟರಿಂದ ಹನ್ನೆರಡು ತಿಂಗಳು ಒಣಗಗೊಟ್ಟು, ಆಮೇಲೆ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ಮಾಡುವುದು ವಾಡಿಕೆ. ಕೊಬ್ಬರಿಯು ಅರಸೀಕೆರೆಯ ಅಥವಾ ತಿಪಟೂರಿನ ಮಾರುಕಟ್ಟೆಗೆ ಹೋಗುವುದು. ಸಿಪ್ಪೆ ಮಾತ್ರ ಅಂಗಳದಲ್ಲಿ ಗುಡ್ಡೆ ಬೀಳುವುದು, ಇಲ್ಲವೆ ನೀರೊಲೆಗೆ ಹೋಗುವುದು. ಕೊಬ್ಬರಿಯ ದರವೋ ಮಳೆಗಾಲದ ಮೋಡದಂತೆ. ಸರ್ಕಾರವು ೨೦೨೪ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆಯನ್ನು ಕ್ವಿಂಟಾಲಿಗೆ ೧೨,೦೦೦ ರೂಪಾಯಿ, ೨೦೨೫ಕ್ಕೆ ೧೨,೧೦೦ ರೂಪಾಯಿ ಎಂದು ಗೊತ್ತುಮಾಡಿತು; ಪೇಟೆಯ ದರ ಅದರ ಕೆಳಕ್ಕೂ ಇಳಿದುದುಂಟು, ಬಹು ಮೇಲಕ್ಕೂ ಏರಿದುದುಂಟು. ಒಂದೇ ಸರಕನ್ನು ನೆಚ್ಚಿದ ಮನೆಗೆ ಸಿಪ್ಪೆಯೂ ಕಾಸು ತರುವುದಾದರೆ ಆ ಹುಡುಗನ ಆಲೋಚನೆ ಹುಚ್ಚಲ್ಲ. ಸಿಪ್ಪೆಯ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ನಾರು, ಉಳಿದುದೆಲ್ಲ ಪುಡಿ. ಹಿಂದೆ ಈ ಪುಡಿ ಬರಿಯ ಕಸ. ಈಗ ಅದನ್ನು ತೊಳೆದು ಉಪ್ಪಿನಂಶ ತೆಗೆದು, ಒಣಗಿಸಿ, ಒತ್ತಿ ಇಟ್ಟಿಗೆಯಾಗಿಸಿ, ಸಸಿಮಡಿಯವರಿಗೆ ಮಾರುತ್ತಾರೆ, ಹೊರದೇಶಕ್ಕೂ ಕಳುಹಿಸುತ್ತಾರೆ. ಇದನ್ನೆಲ್ಲ ನಾನು ಶಾಸ್ತ್ರದಲ್ಲಿ ಓದಿದುದಲ್ಲ. ಆ ಹುಡುಗನೇ ಮರುವಾರ ಬಂದು ನನಗೆ ಪಾಠ ಹೇಳಿದನು.

ಕೇಳಿ ಸಂತೋಷವಾಯಿತು. ಆಮೇಲೆ ಒಂದೇ ಮಾತು ಕೇಳಿದೆನು: "ಇದನ್ನು ಯಾರಲ್ಲಿ ಕಲಿತೆ, ಅಪ್ಪಾ?" "ಫೋನಿನಲ್ಲಿ ನೋಡಿದ್ದೇನೆ, ಮೇಷ್ಟ್ರೇ" ಎಂದನು.

ಇಲ್ಲಿ ನಿಲ್ಲಬೇಕು. ಮೋಳಿಗೆಯ ಮಾರಯ್ಯನವರು ಪೂರ್ವಾಶ್ರಮದಲ್ಲಿ ಕಾಶ್ಮೀರದ ಅರಸರೆಂದು ಪರಂಪರೆ ಹೇಳುವುದು. ಸಿಂಹಾಸನವನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಮಾರಿದರು. ಅರಸನ ಕೈಗೆ ಕೊಡಲಿಯ ಪಟ್ಟು ಹುಟ್ಟಿನಿಂದ ಬಂದಿರಲಾರದು. ಯಾವ ಮರ ಒಣಗಿದೆ, ಹೊರೆಯನ್ನು ಎಲ್ಲಿ ಬಿಗಿದರೆ ಜಾರದು, ಯಾವ ಬೀದಿಯಲ್ಲಿ ಯಾವ ಹೊತ್ತಿಗೆ ಕೊಳ್ಳುವವರು ಸಿಗುವರು, ಎಲ್ಲವನ್ನೂ ಅವರು ಕಲಿತೇ ಇರಬೇಕು. ದೀಕ್ಷೆಗೆ ಗುರು ಬೇಕೆಂದು ಒಪ್ಪುವ ನಾವು ಕಸುಬಿಗೆ ಗುರು ಬೇಡವೆಂದರೆ ಹೇಗೆ? ಹಿಂದೆ ತಂದೆಯ ಪಕ್ಕದಲ್ಲಿ ಕುಳಿತು ಮಗನು ಕಲಿಯುತ್ತಿದ್ದನು. ತಂದೆಯು ಮಾಡದ ಕಸುಬನ್ನು ಹಿಡಿಯುವ ಇಂದಿನ ಮಗನಿಗೆ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವವರು ಯಾರು?

ಈ ಕೊರತೆಯನ್ನು ಕಂಡು ೧೯೮೨ರಲ್ಲಿ ಉಜಿರೆಯಲ್ಲಿ ಒಂದು ಕೆಲಸ ನಡೆಯಿತು. ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಶ್ರೀ ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ, ನಿರುದ್ಯೋಗಿ ತರುಣರಿಗೆ ಸ್ವಂತ ಉದ್ಯೋಗವನ್ನು ಕಲಿಸುವ ಸಂಸ್ಥೆಯೊಂದು ಹುಟ್ಟಿತು. ರುಡ್‌ಸೆಟ್ ಎಂದೇ ಅದು ಮನೆಮಾತಾಗಿರುವುದು. ಊಟ ವಸತಿಗಳೂ ಸೇರಿ ಕಲಿಕೆ ಉಚಿತ. ಅಲ್ಲಿ ಬರಿಯ ಕಸುಬನ್ನು ಕಲಿಸಿ ಬಿಡುವುದಿಲ್ಲ. ಗಿರಾಕಿಯೊಡನೆ ಮಾತು, ಖರ್ಚಿನ ಲೆಕ್ಕ, ಬ್ಯಾಂಕಿಗೆ ಕೊಡುವ ಯೋಜನಾಪತ್ರ, ಸೋಲು ಬಂದಾಗ ಧೈರ್ಯ, ಇವೂ ಪಾಠವೇ. ಈ ಮಾದರಿಯು ಫಲಕಾರಿಯೆಂದು ಕಂಡು, ಕೇಂದ್ರದ ಗ್ರಾಮೀಣಾಭಿವೃದ್ಧಿ ಮಂತ್ರಾಲಯವು ೨೦೦೯ರಿಂದ ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ಸ್ಥಾಪಿಸತೊಡಗಿತು. ಕಲಿತು ಹೋದವರನ್ನು ಎರಡು ವರ್ಷಗಳ ಕಾಲ ವಿಚಾರಿಸಿಕೊಳ್ಳಬೇಕೆಂಬ ಕಟ್ಟಳೆಯೂ ಅಲ್ಲಿ ಉಂಟು. ನನ್ನ ಮನಸ್ಸಿಗೆ ಹೆಚ್ಚು ಹಿಡಿದದ್ದು ಇದೇ. ಬೀಜ ಬಿತ್ತಿದವನು ಕಳೆ ಕೀಳಲಿಕ್ಕೂ ಬರುತ್ತಾನಲ್ಲವೆ! ನಾರಿನ ಕೆಲಸಕ್ಕೇ ಮೀಸಲಾದ ಕಯರ್ ಮಂಡಳಿಯು ಬೇರೆ ಇರುವುದು. ಅದರ ತರಬೇತಿ ಕೇಂದ್ರ ಕೇರಳದ ಕಲವೂರಿನಲ್ಲಿಯೂ, ತಾಂತ್ರಿಕ ಸಂಸ್ಥೆ ಬೆಂಗಳೂರಿನ ಪೀಣ್ಯದಲ್ಲಿಯೂ ಇವೆ.

ಕುಲಕಸುಬುಗಳನ್ನು ಈಗಾಗಲೇ ಮಾಡುತ್ತಿರುವವರಿಗೆ ೨೦೨೩ರ ಸೆಪ್ಟೆಂಬರ್ ೧೭ರಂದು ವಿಶ್ವಕರ್ಮ ಯೋಜನೆ ಆರಂಭವಾಯಿತು. ಅದರ ೧೮ ಕಸುಬುಗಳ ಪಟ್ಟಿಯನ್ನು ಓದುವಾಗ ನನಗೆ ಅನುಭವಮಂಟಪದ ಬಾಗಿಲಲ್ಲಿ ನಿಂತಂತಾಯಿತು: ದೋಣಿ ಮಾಡುವವರು, ಕುಂಬಾರರು, ಕ್ಷೌರಿಕರು, ಮಡಿವಾಳರು, ಪಾದರಕ್ಷೆ ಮಾಡುವವರು, ಬುಟ್ಟಿ ಚಾಪೆ ಪೊರಕೆಯವರು, ಅವರೊಡನೆಯೇ ನಾರು ನೇಯುವವರು. ತರಬೇತಿಯ ಕಾಲದಲ್ಲಿ ದಿನಕ್ಕೆ ೫೦೦ ರೂಪಾಯಿ ಭತ್ಯೆ, ಉಪಕರಣಕ್ಕೆಂದು ೧೫,೦೦೦ ರೂಪಾಯಿವರೆಗೆ, ಬಳಿಕ ಅಡಮಾನವಿಲ್ಲದೆ ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷ ರೂಪಾಯಿ ಸಾಲ, ಎಂದು ಅದರಲ್ಲಿ ವಿಧಿಸಲಾಯಿತು. ಬಡ್ಡಿ ನೂರಕ್ಕೆ ಐದು. ನಮ್ಮ ಹಳ್ಳಿಯ ಕೈಸಾಲದವರ ಬಡ್ಡಿಯೂ ಎಷ್ಟೋ ಸಲ ನೂರಕ್ಕೆ ಐದೇ. ಆದರೆ ಅದು ತಿಂಗಳಿಗೆ, ಇದು ವರ್ಷಕ್ಕೆ. ಲಕ್ಷ ರೂಪಾಯಿಗೆ ಅಲ್ಲಿ ವರ್ಷಕ್ಕೆ ಅರವತ್ತು ಸಾವಿರ ತೆತ್ತೂ ಅಸಲು ಹಾಗೆಯೇ ಉಳಿಯುವುದು. ಇಲ್ಲಿ ಐದು ಸಾವಿರವನ್ನು ಮೀರದು. ಒಂದೇ ಐದೆಂಬ ಅಂಕೆಯಲ್ಲಿ ಒಂದು ಮನೆ ಉಳಿಯುವುದೂ ಅಡಗಿದೆ, ಅಳಿಯುವುದೂ ಅಡಗಿದೆ.

ಸಾಲದ ಪ್ರಮಾಣದ ವಿಷಯದಲ್ಲಿ ಆಯ್ದಕ್ಕಿ ಲಕ್ಕಮ್ಮನವರಿಗಿಂತ ಮಿಗಿಲಾದ ಗುರು ನಮಗೆ ದೊರೆಯರು. ಪತಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ನಿತ್ಯದ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಲಕ್ಕಮ್ಮನವರು ಆ ಹೆಚ್ಚಳವನ್ನು ಮನೆಯೊಳಕ್ಕೆ ಬಿಡದೆ ಹಿಂದಕ್ಕೆ ಕಳುಹಿಸಿದರು. ಇದನ್ನು ನಾವು ವೈರಾಗ್ಯದ ಕಥೆಯೆಂದು ಹೇಳಿ ಮುಗಿಸುತ್ತೇವೆ. ಅದು ಲೆಕ್ಕದ ಕಥೆಯೂ ಹೌದು. ತಮ್ಮ ದಾಸೋಹಕ್ಕೆ ದಿನಕ್ಕೆಷ್ಟು ಬೇಕೆಂದು ಆ ತಾಯಿಗೆ ಅಳತೆ ತಿಳಿದಿತ್ತು. ಅಳತೆ ತಿಳಿದವರಿಗೆ ಮಾತ್ರ ಹೆಚ್ಚಾದುದು ಕಣ್ಣಿಗೆ ಬೀಳುವುದು. ಬ್ಯಾಂಕು ಐದು ಲಕ್ಷ ಕೊಡುವುದೆಂದು ಐದು ಲಕ್ಷ ತರುವವನು, ಎರಡು ಲಕ್ಷದ ಯಂತ್ರ ಸಾಕೆಂಬುದನ್ನು ಎಣಿಸಿಯೇ ಇರುವುದಿಲ್ಲ.

ಇನ್ನು ನಾಚಿ ಉಳಿಸಿಕೊಂಡ ಮಾತು. ಹಲವು ವರ್ಷಗಳ ಕೆಳಗೆ ನನ್ನ ಶಿಷ್ಯನೊಬ್ಬನು ಚಿಕ್ಕದೊಂದು ಎಣ್ಣೆಗಾಣವನ್ನು ಹಾಕಿದನು. ಪ್ರಾರಂಭದ ದಿನ ನಾನೇ ಹೋಗಿ ಗಾಣದ ಕಣ್ಣಪ್ಪನವರ ಮೇಲೆ ಅರ್ಧ ಗಂಟೆ ಉಪನ್ಯಾಸ ಮಾಡಿ ಬಂದೆನು. ಎಣ್ಣೆ ಅಪ್ಪಟವಾಗಿತ್ತು, ಊರಿಗೆ ಊರೇ ಅವನಲ್ಲಿ ಕೊಂಡಿತು, ಆದರೆ ಬರೆದುಕೊಳ್ಳುವಂತೆ ಹೇಳಿ ಕೊಂಡಿತು. ನೆಂಟರು, ಓರಗೆಯವರು, ಹಿರಿಯರು, ಯಾರನ್ನು ಕೇಳುವುದು? ಕೊಬ್ಬರಿಯ ದರ ಏರಿದ್ದಾಗ ಹೆದರಿ ಹೆಚ್ಚು ಕೊಂಡು ತುಂಬಿಸಿದನು, ದರ ಇಳಿಯಿತು. ಅದೇ ವರ್ಷ ತಂಗಿಯ ಮದುವೆಗೆ ಗಾಣದ ಹಣವನ್ನೇ ತೆಗೆದನು. ಶಿವರಾತ್ರಿಯ ದಾಸೋಹಕ್ಕೆ ಕೈಸಾಲ ತಂದು ಕಾಣಿಕೆ ಕೊಟ್ಟನು. ನಾವು ಅವನ ಭಕ್ತಿಯನ್ನು ಹೊಗಳಿದೆವು. ಮೂರನೆಯ ವರ್ಷ ಗಾಣ ಮಾರಿ ಊರು ಬಿಟ್ಟನು. ಹೋಗುವ ಮುನ್ನ ನಮಸ್ಕರಿಸಲು ಬಂದಾಗ ಅವನ ಉದ್ದರಿ ಪುಸ್ತಕ ಕಂಕುಳಲ್ಲಿತ್ತು. ಕೇಳಿ ತೆಗೆದು ನೋಡಿದೆನು. ಮೂರನೆಯ ಪುಟದಲ್ಲಿ ನನ್ನ ಹೆಸರಿತ್ತು. ಹನ್ನೊಂದು ತಿಂಗಳ ಎಣ್ಣೆ. ಸಂಬಳ ಬಂದಾಗ ಕೊಡೋಣವೆಂದು ಮರೆತಿದ್ದೆನು. ಗುರುವನ್ನು ಕೇಳಬಾರದೆಂದು ಅವನು ಸುಮ್ಮನಿದ್ದನು. ಅಂದೇ ತೀರಿಸಿದೆನು, ಗಾಣವನ್ನು ಹಿಂದಕ್ಕೆ ತರಲಾಗಲಿಲ್ಲ.

ಶರಣಬಂಧುಗಳೇ, ದಾಸೋಹವು ದುಡಿಮೆಯ ಫಲದಿಂದ ಆಗತಕ್ಕದ್ದು, ದುಡಿಮೆಯ ಬೇರಿನಿಂದ ಅಲ್ಲ. ಮೂಲಧನವನ್ನು ಕಿತ್ತು ತಂದ ಕಾಣಿಕೆಯನ್ನು ಮಠವೂ ಸ್ವೀಕರಿಸಬಾರದೆಂಬುದು ನನ್ನ ಅಭಿಪ್ರಾಯ. ಹೀಗೆಂದುದಕ್ಕೆ ಹಿರಿಯರು ಬೇಸರಿಸಿದರೂ ಚಿಂತೆಯಿಲ್ಲ. ನಮ್ಮ ಊರಿನ ಹುಡುಗನ ಅಂಗಡಿಗೆ ಹೋದಾಗ ಹಣ ಕೊಟ್ಟು ಬರುವುದೂ ಅವನಿಗೆ ನಾವು ಕೊಡಬಲ್ಲ ತರಬೇತಿಯೇ. ಮನೆಯ ಹೆಣ್ಣುಮಕ್ಕಳು ಸ್ವಸಹಾಯ ಸಂಘಗಳಲ್ಲಿ ವಾರವಾರವೂ ಲೆಕ್ಕ ಬರೆದು, ಓದಿ ಹೇಳಿ, ಸಹಿ ಹಾಕುವುದನ್ನು ನಾನು ಕಂಡಿದ್ದೇನೆ. ಅನೇಕ ಮನೆಗಳಲ್ಲಿ ಗಂಡಸರ ವ್ಯಾಪಾರದ ಪುಸ್ತಕವನ್ನೂ ಅವರ ಕೈಗೆ ಕೊಡುವುದು ಮೇಲು.

ಕಣಕಟ್ಟೆಯ ಕಡೆಯ ಯಜಮಾನರಿಗೆ ನಾನು ಹೇಳಿದುದಿಷ್ಟು: ತೋಟದ ಪತ್ರ ಪೆಟ್ಟಿಗೆಯಲ್ಲಿಯೇ ಇರಲಿ. ಹುಡುಗನು ಮೊದಲು ಜಿಲ್ಲೆಯ ತರಬೇತಿ ಸಂಸ್ಥೆಗೆ ಹೋಗಿ ಬರಲಿ. ನಡೆಯುತ್ತಿರುವ ನಾರಿನ ಕಾರ್ಖಾನೆಯೊಂದರಲ್ಲಿ ಒಂದು ಹಂಗಾಮು ಕೂಲಿಯವನಾಗಿಯೇ ದುಡಿದು ನೋಡಲಿ. ಹೊಡಕೆಯ ಹುಲ್ಲು ಕೊಯ್ಯದೆ ಹಗ್ಗ ಹೊಸೆದವರಿಲ್ಲ. ಆಮೇಲೆ ಎಷ್ಟು ಸಾಲ ಬೇಕೆಂದು ಅವನೇ ಬರೆದು ತರಲಿ.

ಯಜಮಾನರು ಒಪ್ಪಿದರು. ಹುಡುಗನಿಗೆ ಮೊದಲು ಮುಖ ಬಾಡಿತು, ಆದರೂ ಹೋದನು. ಕಾರ್ತಿಕದಲ್ಲಿ ಬಂದಾಗ ಅಂಗೈಯಲ್ಲಿ ನಾರು ಉಜ್ಜಿದ ಗೆರೆಗಳಿದ್ದುವು. ಕೈಯಲ್ಲಿ ನಾಲ್ಕು ಹಾಳೆಯ ಲೆಕ್ಕ. ಸಿಪ್ಪೆಯ ಸಾಗಣೆಗೆ ಎಷ್ಟು, ವಿದ್ಯುತ್ತಿಗೆ ಎಷ್ಟು, ಮಳೆಗಾಲದಲ್ಲಿ ಪುಡಿ ಒಣಗದ ದಿನಗಳೆಷ್ಟು, ಎಲ್ಲವೂ ಇದ್ದುವು. ಮೊದಲು ಕೇಳಿದುದರ ಅರ್ಧಕ್ಕಿಂತ ಕಡಿಮೆ ಮೊತ್ತಕ್ಕೆ ಲೆಕ್ಕ ಇಳಿದಿತ್ತು. "ಉದ್ದರಿ ಎಂಬ ಕಲಮನ್ನು ಬರೆದಿಲ್ಲವಲ್ಲ?" ಎಂದು ಕೇಳಿದೆನು. "ಅದನ್ನು ಹಾಕಿಕೊಂಡಿಲ್ಲ, ಮೇಷ್ಟ್ರೇ. ನೀವೂ ಹಗ್ಗ ಬೇಕಾದರೆ ನಗದು ತರಬೇಕು" ಎಂದನು.